ಹೊಂಡದ ಬದಿಯ ಅಳಿಲು



ಬೇಸಿಗೆ ಬಂತೆಂದರೆ ಮಧುವನಹಳ್ಳಿ ಕಡೆಯ ತೋಟಗಳಲ್ಲಿ ಒಂದೇ ದೂರು: “ಸ್ವಾಮಿ, ಅಳಿಲು ಪೈಪೆಲ್ಲಾ ಕಡಿದಾಕ್ಬುಟ್ಟದೆ, ಏನಾದ್ರೂ ಔಷಧಿ ಹೇಳಿ.” ಔಷಧಿ ಎಂದರೆ ವಿಷ. ಆ ಮಾತಿಗೆ ಆಮೇಲೆ ಬರೋಣ. ಕಡಿದದ್ದು ಅಳಿಲೇ ಹೌದೋ ಅಲ್ಲವೋ, ಅದು ಮೊದಲು ತಿಳಿಯಬೇಕಲ್ಲ?

ಅಳಿಲು ಹಗಲು ಓಡಾಡುವ ಪ್ರಾಣಿ. ಇಲಿ ಹೆಗ್ಗಣಗಳದು ಹೆಚ್ಚಾಗಿ ರಾತ್ರಿಯ ಸಂಚಾರ. ಕತ್ತಲಾಗುವ ಹೊತ್ತಿಗೆ ಹನಿ ನೀರಾವರಿಯ ಪೈಪನ್ನು ಒಂದು ಸುತ್ತು ನೋಡಿ, ತೂತಿದ್ದ ಕಡೆ ಸುಣ್ಣದ ಗುರುತು ಹಾಕಿ. ಬೆಳಕು ಹರಿಯುತ್ತಲೇ ಮತ್ತೆ ನೋಡಿ. ಗುರುತಿಲ್ಲದ ಹೊಸ ತೂತು ಕಂಡರೆ ಅದು ರಾತ್ರಿಯ ಕೆಲಸ, ಅಳಿಲಿನದಲ್ಲ. ನಾಲ್ಕು ದಿನ ಹೀಗೆ ಮಾಡಿದರೆ ಕಳ್ಳ ಯಾರೆಂದು ಗೊತ್ತಾಗುತ್ತದೆ. ಎಷ್ಟೋ ಸಲ ಇಲಿಯ ತಪ್ಪನ್ನು ಅಳಿಲಿನ ತಲೆಗೆ ಕಟ್ಟುತ್ತೇವೆ. ಕಣ್ಣಿಗೆ ಬೀಳೋದು ಅದೇ ನೋಡಿ!

ಅಳಿಲಿನ ಮುಂದಿನ ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ. ಏನನ್ನಾದರೂ ಕಡಿದು ಸವೆಸಲೇಬೇಕು. ಅದರ ಮೇಲೆ ಏಪ್ರಿಲ್ ತಿಂಗಳ ಬಾಯಾರಿಕೆ, ಪೈಪಿನೊಳಗೆ ನೀರು. ಆದ್ದರಿಂದ ಪೈಪಿಗೆ ದೂರವಾಗಿ, ಮರದ ನೆರಳಲ್ಲಿ, ನಾಲ್ಕಾರು ಕಡೆ ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ಒಂದು ದಿನ ಇಟ್ಟು ಮರೆತರೆ ಪ್ರಯೋಜನವಿಲ್ಲ, ದಿನವೂ ತುಂಬಬೇಕು. ಕಡಿತ ಪೂರಾ ನಿಲ್ಲದು; ಕಡಮೆಯಾಗುತ್ತದೆ.

“ಹೊಂಡದಲ್ಲೇ ನೀರಿದೆಯಲ್ಲಪ್ಪ” ಎನ್ನಬಹುದು. ತೊಂದರೆ ಇರುವುದು ಅಲ್ಲೇ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಕೃಷಿ ಹೊಂಡಗಳು ಹೆಚ್ಚಿದವು. ಅನೇಕ ಹೊಂಡಗಳಿಗೆ ಪ್ಲಾಸ್ಟಿಕ್ ಹಾಳೆ ಹಾಸಿದೆ. ಕುಡಿಯಲು ಇಳಿದ ಅಳಿಲಿಗೆ ಆ ಹಾಳೆಯ ಮೇಲೆ ಉಗುರು ನಿಲ್ಲದು. ಜಾರಿ ಬಿದ್ದು, ಹತ್ತಲಾರದೆ ಸಾಯುತ್ತದೆ, ನೀರು ನಾರುತ್ತದೆ. ಹಾಳೆಯ ಅಂಚಿನಿಂದ ಆಚೆಗೆ ಗೂಟ ನೆಟ್ಟು, ತೆಂಗಿನ ನಾರಿನ ದಪ್ಪ ಹಗ್ಗಕ್ಕೆ ಅಲ್ಲಲ್ಲಿ ಗಂಟು ಹಾಕಿ, ನಾಲ್ಕೂ ಬದಿಯಿಂದ ನೀರಿಗೆ ಇಳಿಬಿಡಿ. ಆ ಹಗ್ಗ ಅಳಿಲಿಗೆ ಮಾತ್ರವಲ್ಲ. ಕಾಲು ಜಾರಿದ ಮಗುವಿನ ಕೈಗೂ ಅದೇ ಆಸರೆ. ಸುತ್ತ ಬೇಲಿ ಇಲ್ಲದಿದ್ದರೆ ಈ ವಾರವೇ ಹಾಕಿಸಿ. ಅಳಿಲಿನ ಮಾತು ಬೇಕಾದರೆ ಮುಂದಿನ ವಾರಕ್ಕಿರಲಿ.

ಇನ್ನು ವಿಷದ ಮಾತು. ಹೊಂಡದ ಬದಿಯಲ್ಲಿ ಇಲಿಪಾಷಾಣ ಖಂಡಿತ ಬೇಡ. ನೀರಿಗೆ ಬರುವ ಕೋಳಿ, ನಾಯಿ, ನವಿಲು ಎಲ್ಲವೂ ಅದನ್ನು ತಿನ್ನುತ್ತವೆ. ತೆಂಗಿನ ಕಾಂಡಕ್ಕೆ ತಗಡು ಸುತ್ತುವುದು ಇಲಿಗೆ ಒಳ್ಳೆಯದೇ. ಆದರೆ ಗರಿಗೆ ಗರಿ ತಾಗಿದ ತೋಟದಲ್ಲಿ ಅಳಿಲು ತಗಡಿನ ಗೊಡವೆಗೇ ಹೋಗದು, ಮೇಲಿಂದಲೇ ಹಾರಿ ದಾಟುತ್ತದೆ. ಹಾಗೇ, ಉಳಿದ ಪೈಪಿನ ಸುರುಳಿಯನ್ನು ಹುಲ್ಲಿನ ಮೆದೆಯ ಪಕ್ಕ ಬಿಸಾಡಬೇಡಿ. ಕೊಟ್ಟಿಗೆಯ ತೊಲೆಯಿಂದ ತಂತಿಯಲ್ಲಿ ಇಳಿಬಿಟ್ಟು ತೂಗುಹಾಕಿ.