ಬಿಸಿಲಿಗೆ ಮುನ್ನ ಮನೆಯ ಶುಚಿ

ಸಹೋದರಿಯರೇ, ಮಾವು ಹೂ ಬಿಡುವ ಈ ಕಾಲ ಮನೆಯ ಮೂಲೆ ಮೂಲೆಯನ್ನೂ ಶುಚಿಗೊಳಿಸಲು ತಕ್ಕ ಸಮಯ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಸುಗ್ಗಿಯ ಧೂಳು, ಹೊಟ್ಟು, ಖಾಲಿ ಚೀಲಗಳೆಲ್ಲ ಮನೆಯೊಳಗೆ ಸೇರಿರುತ್ತವೆ.

ಕೆಲಸವನ್ನು ಮೇಲಿನಿಂದ ಆರಂಭಿಸಿ. ಮೊದಲು ಜೇಡರ ಬಲೆ, ಫ್ಯಾನು, ಕಪಾಟು, ಕೊನೆಗೆ ನೆಲ. ಕೌದಿ, ಹಾಸಿಗೆಗಳನ್ನು ಬಿಸಿಲಿಗೆ ಹಾಕಿ. ಜೋಳ, ಅಕ್ಕಿಯ ಡಬ್ಬಗಳು ಪೂರ್ತಿ ಒಣಗಿದ ಮೇಲೆಯೇ ಹೊಸ ಕಾಳು ತುಂಬಿ. ತೇವ ಉಳಿದರೆ ಬೂಷ್ಟು ಬರುತ್ತದೆ.

ನೀರಿನ ಡ್ರಮ್ ಮರೆಯಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಮಟ್ಟದ ತುಸು ಮೇಲೆ, ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಅವು ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ತುಂಬಿದಾಗ ಮರಿಯಾಗುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಬ್ರಶ್‌ನಿಂದ ಉಜ್ಜಿ ತೊಳೆದು, ಒಣಗಿಸಿ, ನೀರು ತುಂಬಿದ ಮೇಲೆ ಮುಚ್ಚಿಡಿ.

ಇನ್ನೊಂದು ಎಚ್ಚರಿಕೆ. ಬಚ್ಚಲು ಬೇಗ ಬೆಳ್ಳಗಾಗಲೆಂದು ಬ್ಲೀಚಿಂಗ್ ಪುಡಿಯೊಂದಿಗೆ ಆ್ಯಸಿಡ್ ಬೆರೆಸಲೇಬೇಡಿ. ಅದರಿಂದ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ. ಒಂದು ದಿನಕ್ಕೆ ಒಂದೇ ಸಾಕು. ಬಾಗಿಲು, ಕಿಟಕಿ ತೆರೆದಿರಲಿ.

ಎಲ್ಲವನ್ನೂ ಒಬ್ಬರೇ ಮಾಡಿ ಸೊಂಟ ಹಿಡಿಸಿಕೊಳ್ಳಬೇಡಿ. ದಿನಕ್ಕೊಂದು ಕೋಣೆ ಸಾಕು. ಡ್ರಮ್ ಎತ್ತಲು ಮನೆಯವರನ್ನು, ಕಪಾಟು ಜೋಡಿಸಲು ಮಕ್ಕಳನ್ನು ಕರೆಯಿರಿ. ಮನೆ ಎಲ್ಲರದು, ಅದರ ಶುಚಿಯೂ ಎಲ್ಲರದು.