ಗಡಿಯಲ್ಲಿ ನಿಲ್ಲುವ ರಿಯಾಯಿತಿ

‘ರಿಯಾಯಿತಿ’ ಅರಬ್ಬಿ ಮೂಲದ ಪದ. ಅಲ್ಲಿ ಅದರ ಅರ್ಥ ಕಾಳಜಿ, ಲಕ್ಷ್ಯ. ನಾವು ಅದನ್ನು ಬರೀ ದರ ಇಳಿಕೆ ಅಂತ ಓದ್ತೀವಿ. ಸರ್ಕಾರವೂ ಹಾಗೇ ಓದಿತು.

ಕೋವಿಡ್ ಕಾಲದಲ್ಲಿ ಅನಗತ್ಯ ಪ್ರಯಾಣ ತಡೆಯಬೇಕೆಂದು 2020ರ ಮಾರ್ಚ್ 20ರಿಂದ ರೈಲ್ವೆ ಹಿರಿಯರ ರಿಯಾಯಿತಿ ನಿಲ್ಲಿಸಿತು. ಅದುವರೆಗೆ ಎಕ್ಸ್‌ಪ್ರೆಸ್ ರೈಲುಗಳಲ್ಲಿ 60 ತುಂಬಿದ ಗಂಡಸರಿಗೆ ಶೇ. 40, 58 ತುಂಬಿದ ಹೆಂಗಸರಿಗೆ ಶೇ. 50 ಕಡಿತ ಇತ್ತು. ಅಂಗವಿಕಲರ ನಾಲ್ಕು ವರ್ಗಗಳಿಗೆ, ಕೆಲವು ರೋಗಿಗಳಿಗೆ, ವಿದ್ಯಾರ್ಥಿಗಳಿಗೆ ರಿಯಾಯಿತಿ ಉಳೀತು. ಸೋಂಕು ಇಳೀತು, ರೈಲು ತುಂಬಿದವು, ಹಿರಿಯರದ್ದು ಮಾತ್ರ ಮರಳಲಿಲ್ಲ. ಎಲ್ಲರ ಟಿಕೆಟ್ಟಿಗೂ ಸಬ್ಸಿಡಿ ಇದ್ದೇ ಇದೆ ಅನ್ನೋದು ಸಂಸತ್ತಿನಲ್ಲಿ ಬಂದ ಉತ್ತರ.

ಇದು ರಾಯದುರ್ಗಕ್ಕೆ ಬೇರೆ ಥರ ತಟ್ಟುತ್ತೆ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ಸೇರುವವರೆಗೆ ಅದು ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. ಗಡಿ ಬಂತು, ನೆಂಟಸ್ತಿಕೆ ಆಚೆಯೇ ಉಳೀತು. ಉಚಿತ ಬಸ್ಸಿಗೆ ಗಡಿ ಗೊತ್ತು. 2023ರ ಜೂನ್ 11ರ ಶಕ್ತಿ ಯೋಜನೆ ಕರ್ನಾಟಕದ ನಿವಾಸಿ ಹೆಂಗಸರಿಗೆ. 2025ರ ಆಗಸ್ಟ್ 15ರ ಆಂಧ್ರದ ಸ್ತ್ರೀ ಶಕ್ತಿ ಅಂತರರಾಜ್ಯ ಬಸ್ಸಿಗಿಲ್ಲ. ಬಳ್ಳಾರಿಗೆ ಹೊರಟ ರಾಯದುರ್ಗದ ಅಜ್ಜಿ ಎರಡಕ್ಕೂ ಹೊರಗೆ. ತಾತನ ಮಾತು ಬಿಡಿ, ಆ ಯೋಜನೆಗಳಲ್ಲಿ ಅವನಿಲ್ಲವೇ ಇಲ್ಲ. ರೈಲು ಯಾವ ರಾಜ್ಯದವರು ಅಂತ ಕೇಳ್ತಿರಲಿಲ್ಲ, ವಯಸ್ಸು ಮಾತ್ರ ಕೇಳ್ತಿತ್ತು.

ತುಮಕೂರು–ರಾಯದುರ್ಗ ಹೊಸ ರೈಲು ಮಾರ್ಗದಲ್ಲಿ ಮಡಕಶಿರವೂ ಸೇರಿದೆ. ರಿಯಾಯಿತಿ ಮರಳದಿದ್ದರೆ, ಅಲ್ಲಿನ ಮುದುಕರು ತಮ್ಮೂರಿನ ಮೊದಲ ಎಕ್ಸ್‌ಪ್ರೆಸ್ಸನ್ನೇ ಪೂರ್ತಿ ದರ ಕೊಟ್ಟು ಹತ್ತಬೇಕು.