ಗುಂಡಿಗೆ ಪೆಟ್ಟು ಬೀಳದಂತೆ

ಎತ್ತಿನ ಗಾಡಿಯ ಅಚ್ಚು ಒಣಗಿದರೆ ಕಿರ್ರೆನ್ನುವ ಸದ್ದು ಊರಿಗೆಲ್ಲ ಕೇಳುತ್ತಿತ್ತು. ಕೀಲೆಣ್ಣೆ ಹಾಕಿದರೆ ಸುಮ್ಮನಾಗುತ್ತಿತ್ತು. ಕಾರಿನ ಹಿಂದಿನ ಆಕ್ಸಲ್ ಅಷ್ಟು ಬಾಯಿಬಡುಕನಲ್ಲ. ಅದರ ಬೇರಿಂಗ್ ಕೆಟ್ಟಾಗ ಮೊದಲು ಸಣ್ಣಗೆ ಗುಂಯ್ ಎನ್ನುತ್ತದೆ, ವೇಗ ಏರಿದಂತೆ ದನಿಯೂ ಏರುತ್ತದೆ. ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಟ್ಟರೂ ನಿಲ್ಲದಿದ್ದರೆ ತಪ್ಪು ಎಂಜಿನ್ನಿನದಲ್ಲ. ಅಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬಂದರೆ ಡಿಫರೆನ್ಷಿಯಲ್ ಗೇರುಗಳ ಮೇಲೆ ಅನುಮಾನ ಪಡಬೇಕು. ತಿರುವಿನಲ್ಲಿ ದನಿ ಬದಲಾದರೆ ಬೇರಿಂಗ್ ಹೋಗಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಆಗ ಕಾರಿನ ಭಾರ ಹೊರಬದಿಯ ಚಕ್ರಕ್ಕೆ ವಾಲುತ್ತದೆ.

ಈ ಬೇರಿಂಗನ್ನು ಮನೆಯಂಗಳದಲ್ಲೇ ಬದಲಿಸಲು ಒಗ್ಗುವ ಹಳೆಯ ಕಾರುಗಳಲ್ಲಿ ಬ್ರಿಟನ್ನಿನ ಮಾರಿಸ್ ಮೈನರ್ ಒಂದು. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಪುಟ್ಟ ಕಾರು 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಹತ್ತು ಲಕ್ಷದ ಗಡಿ ಮುಟ್ಟಿದ ಮೊದಲ ಬ್ರಿಟಿಷ್ ಕಾರು ಇದೇ. ಅದರ ಆರಂಭದ ಮಾದರಿಯನ್ನು ಹಿಂದೂಸ್ತಾನ್ ಮೋಟಾರ್ಸ್ 'ಬೇಬಿ ಹಿಂದೂಸ್ತಾನ್' ಎಂಬ ಹೆಸರಿನಲ್ಲಿ ನಮ್ಮ ರಸ್ತೆಗಳಿಗೂ ತಂದಿತ್ತು.

ಮುಂದೆ ಬಂದ ಮೈನರ್ 1000ರ ಹಿಂದಿನ ಆಕ್ಸಲನ್ನು ಅರಿಯಲು ಒಂದೇ ಪ್ರಶ್ನೆ ಸಾಕು: ಭಾರ ಯಾವ ದಾರಿಯಲ್ಲಿ ನೆಲ ಸೇರುತ್ತದೆ? ಅನೇಕ ಕಾರುಗಳಲ್ಲಿ ಚಕ್ರವನ್ನು ತಿರುಗಿಸುವ ಹಾಫ್ ಶಾಫ್ಟೇ ಕಾರಿನ ಭಾರವನ್ನೂ ಹೊರುತ್ತದೆ. ಅದು ಮುರಿದರೆ ಚಕ್ರವೇ ಕಳಚಿ ಹೋಗಬಹುದು. ಮೈನರ್‌ನಲ್ಲಿ ಹಾಗಲ್ಲ. ಬೇರಿಂಗ್ ಕೂರುವುದು ತಿರುಗದ ಆಕ್ಸಲ್ ಕೊಳವೆಯ ಹೊರಮೈ ಮೇಲೆ, ಅದರ ಸುತ್ತ ಚಕ್ರವನ್ನು ಹಿಡಿದಿರುವ ಹಬ್ ತಿರುಗುತ್ತದೆ. ಭಾರ ಹೊರುವುದು ಕೊಳವೆ. ಶಾಫ್ಟಿಗೆ ಉಳಿಯುವುದು ಚಕ್ರ ತಿರುಗಿಸುವ ಕೆಲಸ, ಜೊತೆಗೆ ಅದು ಓರೆಯಾಗದಂತೆ ಹಿಡಿಯುವ ಕೆಲಸ.

ಈ ಬೇರಿಂಗಿನಲ್ಲಿ ಇರುವುದು ಒಳಬಳೆ, ಹೊರಬಳೆ, ಅವುಗಳ ನಡುವೆ ಉರುಳುವ ಗುಂಡುಗಳು. ಅಚ್ಚಿಗೂ ಚಕ್ರಕ್ಕೂ ನಡುವೆ ಗುಂಡು ಕೂರಿಸುವ ಉಪಾಯಕ್ಕೆ ವೇಲ್ಸಿನ ಫಿಲಿಪ್ ವಾನ್ 1794ರಲ್ಲೇ ಪೇಟೆಂಟ್ ಪಡೆದಿದ್ದ, ಅದೂ ಕುದುರೆಗಾಡಿಗೆ. ಉಜ್ಜುವುದರ ಬದಲು ಉರುಳಿದರೆ ಘರ್ಷಣೆ ತಗ್ಗುತ್ತದೆ. ಆದರೆ ಗುಂಡು ಬಳೆಯನ್ನು ಮುಟ್ಟುವ ಜಾಗ ತೀರಾ ಚಿಕ್ಕದು. ಚಕ್ರದ ಪಾಲಿನ ಭಾರವೆಲ್ಲ ಅಂಥ ಕೆಲವೇ ಚುಕ್ಕೆಗಳ ಮೇಲೆ ಬೀಳುತ್ತದೆ. ಅದಕ್ಕೇ ಶೇ. 1ರಷ್ಟು ಇಂಗಾಲ, ಶೇ. 1.5ರಷ್ಟು ಕ್ರೋಮಿಯಂ ಬೆರೆತ ಗಟ್ಟಿ ಉಕ್ಕು ಬೇಕು. ಭಾರ ಇಮ್ಮಡಿಯಾದರೆ ಬಾಲ್ ಬೇರಿಂಗಿನ ಆಯುಷ್ಯ ಅರ್ಧವಾಗುವುದಿಲ್ಲ, ಎಂಟನೇ ಒಂದಕ್ಕೆ ಇಳಿಯುತ್ತದೆ.

ಉರುಳುವ ಭಾರವನ್ನು ವರ್ಷಗಟ್ಟಲೆ ತಾಳುವ ಈ ಗುಂಡು ಸುತ್ತಿಗೆಯ ಒಂದು ಏಟನ್ನು ತಾಳದು. ಏಟು ಗುಂಡಿನ ಮೂಲಕ ಹಾದರೆ ಬಳೆಯಲ್ಲಿ ಕಣ್ಣಿಗೆ ಕಾಣದಂಥ ಕುಳಿ ಬೀಳುತ್ತದೆ. ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್ 1900ರಲ್ಲಿ ಲೋಹದ ಗಡಸುತನ ಅಳೆಯಲು ಗುಂಡನ್ನೇ ಅದರ ಮೇಲೆ ಒತ್ತಿ ಕುಳಿಯ ಅಗಲ ನೋಡುವ ವಿಧಾನ ಕೊಟ್ಟ. ಹಾಗಾಗಿ ಬೇರಿಂಗಿನ ಈ ಗಾಯಕ್ಕೆ ಅವನದೇ ಹೆಸರು: ಬ್ರಿನೆಲಿಂಗ್.

ಇನ್ನು ಕೆಲಸಕ್ಕೆ ಇಳಿಯೋಣ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಕಾರನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಬರೀ ಜ್ಯಾಕ್ ನಂಬಿ ಅಡಿಗೆ ಕೈ ಹಾಕಬಾರದು. ಚಕ್ರ, ಡ್ರಮ್ ಕಳಚಿ, ಸ್ಕ್ರೂ ಬಿಚ್ಚಿ ಹಾಫ್ ಶಾಫ್ಟನ್ನು ಎಳೆದರೆ ಗೇರ್ ಎಣ್ಣೆ ಸೋರುತ್ತದೆ, ಕೆಳಗೊಂದು ತಟ್ಟೆ ಇರಲಿ. ಒಳಗಿರುವ ದೊಡ್ಡ ನಟ್ಟಿನಲ್ಲಿ ಒಂದು ಮರ್ಮವಿದೆ. ಎಡ ಚಕ್ರದ ನಟ್ಟಿಗೆ ತಿರುಗು ಮರೆ, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಕಾರು ಮುಂದೆ ಸಾಗುವಾಗ ಎಡ ಚಕ್ರ ಹೊರಗಿನಿಂದ ನೋಡುವವರಿಗೆ ಅಪ್ರದಕ್ಷಿಣೆ ತಿರುಗುತ್ತದೆ. ಮಾಮೂಲಿ ಮರೆಯಿದ್ದರೆ ಆ ಎಳೆತಕ್ಕೆ ನಟ್ಟು ಸಡಿಲಾದೀತು.

ಪುಲ್ಲರ್ ಹಾಕಿ ಹಬ್ ಎಳೆಯುವಾಗ ಬಲವೆಲ್ಲ ಗುಂಡುಗಳ ಮೂಲಕವೇ ಹಾಯುತ್ತದೆ. ಆದ್ದರಿಂದ ಹೀಗೆ ಎಳೆದು ತೆಗೆದ ಬೇರಿಂಗ್ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಹಾಕುವಂತಿಲ್ಲ. ಹೊಸದನ್ನು ಹಬ್‌ನೊಳಗೆ ಕೂರಿಸುವಾಗ ಹೊರಬಳೆಯನ್ನು ಮಾತ್ರ ಒತ್ತಬೇಕು. ಕೊಳವೆಯ ಮೇಲೆ ಏರಿಸುವಾಗ ಒಳಬಳೆಯನ್ನು ಮಾತ್ರ. ಯಾವ ಬಳೆ ಬಿಗಿಯೋ ಅದಕ್ಕೇ ಒತ್ತು, ಇದೇ ನಿಯಮ. ಸುತ್ತಿಗೆಯ ಕೆಲಸವನ್ನು ಬಿಸಿನೀರಿಗೂ ಒಪ್ಪಿಸಬಹುದು: 70 ಮಿ.ಮೀ. ವ್ಯಾಸದ ಉಕ್ಕಿನ ರಂಧ್ರ 60 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಸುಮಾರು 0.05 ಮಿ.ಮೀ. ಹಿಗ್ಗುತ್ತದೆ. ಹಬ್ ಬಿಸಿ, ಬೇರಿಂಗ್ ಫ್ರೀಜರಿನ ತಣ್ಣಗೆ ಇದ್ದರೆ ಅರ್ಧ ಕೆಲಸ ತಾನೇ ಆಗುತ್ತದೆ. ಹೊಸ ಆಯಿಲ್ ಸೀಲಿನ ತುಟಿ ಎಣ್ಣೆಯ ಕಡೆಗಿರಲಿ. ತಿರುಗಿ ಕೂತರೆ ಎಣ್ಣೆ ಬ್ರೇಕಿಗೆ ಹರಿಯುತ್ತದೆ.

ಕೊನೆಯದು ಅಳತೆ. ಬೇರಿಂಗಿನ ಹೊರಗಿಡುವ ಸ್ಪೇಸರ್ ಬಳೆ ಹಬ್‌ನ ಮುಖದಿಂದ ಒಂದು ಇಂಚಿನ ಸಾವಿರದಲ್ಲಿ ಒಂದರಿಂದ ನಾಲ್ಕು ಭಾಗದಷ್ಟು ಮುಂದೆ ಚಾಚಿರಬೇಕು. ಆಗಲೇ ಹಾಫ್ ಶಾಫ್ಟಿನ ಹೊರತುದಿಯ ತಟ್ಟೆ ಬೇರಿಂಗನ್ನು ಒತ್ತಿ ಹಿಡಿಯುತ್ತದೆ. ಇಲ್ಲದಿದ್ದರೆ ಹೊರಬಳೆ ಹಬ್‌ನೊಳಗೇ ಅಲ್ಲಾಡಿ ಅದನ್ನು ತಿನ್ನುತ್ತದೆ.

ಎಲ್ಲ ಮುಗಿದ ಮೇಲೆ ಹಳೆಯ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಳೆಯ ದಾರಿಯನ್ನು ನೋಡಿ. ಒಂದೇ ಕಡೆ ಚಕ್ಕೆ ಎದ್ದಿದ್ದರೆ ಅದು ದುಡಿದು ದಣಿದ ಗುರುತಿರಬಹುದು. ಚಕ್ಕೆ ಎದ್ದ ಕಲೆಗಳು ಗುಂಡುಗಳ ನಡುವಿನ ಅಂತರದಲ್ಲೇ ಸಾಲಾಗಿ ಇದ್ದರೆ, ಅದು ಹೊಸದಾಗಿದ್ದಾಗ ಅದನ್ನು ಕೂರಿಸಿದವರ ಕೈಯಲ್ಲಿ ಸುತ್ತಿಗೆ ಇದ್ದಿರಬೇಕು.